ಮಗುವಿಗೆ ಆ್ಯಂಟಿಬಯಾಟಿಕ್ ‘ಆಗಂಗಿಲ್ಲ’ ಅಂದರೆ ಅಲರ್ಜಿಯೇ? ಪತ್ತೆ ಮಾಡುವ ದಾರಿ, ಹೆಜ್ಜೆ ಹೆಜ್ಜೆಯಾಗಿ

ಇಳಕಲ್ ಕಡೆಯ ಹತ್ತು ವರ್ಷದ ಹುಡುಗ. ರುಮ್ಯಾಟಿಕ್ ಜ್ವರ ಬಂದುಹೋಗಿ ಹೃದಯದ ಒಂದು ಕವಾಟ ಸಣ್ಣಗೆ ಸೋರುತ್ತಿತ್ತು. ಆ ಜ್ವರ ಮರುಕಳಿಸದಂತೆ 21 ದಿನಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಬೀಳಲೇಬೇಕಾದ ಮಗು. ಆದರೆ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದಿತ್ತು: ‘ಪೆನಿಸಿಲಿನ್ ಅಲರ್ಜಿ’. ಯಾರು ಬರೆದರು, ಯಾವಾಗ, ಏನು ನೋಡಿ ಬರೆದರು ಎಂಬುದಕ್ಕೆ ಒಂದಕ್ಷರವಿಲ್ಲ. ತಾಯಿಯನ್ನು ಕೇಳಿದೆ.

“ಏನಾಗಿತ್ತವ್ವಾ ಆವಾಗ?”

“ಸಣ್ಣಾವಿದ್ದಾಗ್ರೀ, ಎರಡೂವರಿ ವರ್ಷದಾಂವ. ಔಷಧ ಕುಡಿಸಿದ ಮ್ಯಾಲ ಭೇದಿ ಹತ್ತಿತ್ರೀ. ಡಾಕ್ಟ್ರು, ಇದು ಇವಂಗ ಆಗಂಗಿಲ್ಲ ಅಂದ್ರು.”

“ಮೈಮ್ಯಾಲ ಗಂಧಿ ಎದ್ದಿದ್ವೇನು? ತುಟಿ, ಕಣ್ಣು ಬಾತಿದ್ವಾ?”

“ಇಲ್ರೀ. ಭೇದಿ ಅಷ್ಟ.”

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಮಕ್ಕಳನ್ನು ನೋಡುವ ನನ್ನಂಥವರಿಗೆ ಈ ‘ಆಗಂಗಿಲ್ಲ’ ದಿನಾ ಕಿವಿಗೆ ಬೀಳುವ ಮಾತು. ಔಷಧ ಕಹಿಯಾಗಿ ಮಗು ಉಗುಳಿದರೂ ಆಗಂಗಿಲ್ಲ, ಹೊಟ್ಟೆ ಕೆಟ್ಟರೂ ಆಗಂಗಿಲ್ಲ, ‘ಗುಳಗಿ ಹೀಟ್ ಆತ್ರೀ’ ಅಂದರೂ ಅದೇ, ಉಸಿರು ಕಟ್ಟಿ ಸಾಯುವಂತಾದರೂ ಅದೇ. ಮನೆಯಲ್ಲಿ ಈ ಮಾತು ಹೀಗೇ ಇರಲಿ, ತೊಂದರೆಯಿಲ್ಲ. ದವಾಖಾನೆಯ ಫೈಲಿಗೆ ಬರುವಷ್ಟರಲ್ಲಿ ಮಾತ್ರ ಇದು ‘ಅಲರ್ಜಿ’ ಎಂದು ಬದಲಾಗಿಬಿಡುತ್ತದೆ. ಅಲರ್ಜಿ ಪತ್ತೆ ಮಾಡುವುದೆಂದರೆ ಮುಖ್ಯವಾಗಿ ಈ ಎರಡನ್ನು ಬಿಡಿಸಿ ನೋಡುವುದು. ಕೆನಡಾದ ಮಾಂಟ್ರಿಯಲ್‌ನಲ್ಲಿ, ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಅಲರ್ಜಿ ಇರಬಹುದೆಂದು ಬಂದ 818 ಮಕ್ಕಳಿಗೆ ವೈದ್ಯರ ಕಣ್ಣೆದುರೇ ಅದೇ ಔಷಧ ಕುಡಿಸಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಶೇ. 94ರಷ್ಟು ಮಕ್ಕಳಿಗೆ ಏನೂ ಆಗಲಿಲ್ಲ. 17 ಮಕ್ಕಳಿಗೆ ಕೂಡಲೇ, 31 ಮಕ್ಕಳಿಗೆ ತಡವಾಗಿ, ಅದೂ ಸೌಮ್ಯವಾಗಿ, ಪ್ರತಿಕ್ರಿಯೆ ಕಾಣಿಸಿತು.

ಹಾಗಂತ ಮನೆಯಲ್ಲೇ ಒಂದು ಚಮಚ ಕುಡಿಸಿ ನೋಡೋಣ ಅನ್ನಬೇಡಿ. ಉಳಿದ ಶೇ. 6ರಲ್ಲಿ ನಿಮ್ಮ ಮಗು ಇಲ್ಲವೆಂದು ಬಾಗಿಲಲ್ಲಿ ನಿಂತು ಹೇಳಲು ಯಾರಿಗೂ ಆಗದು.

ಎಲ್ಲಕ್ಕಿಂತ ಮೊದಲು: ಈಗಲೇ ಓಡಬೇಕಾದ ಲಕ್ಷಣಗಳು

ಔಷಧ ಕೊಟ್ಟ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮೈಮೇಲೆ ಗಂಧೆ ಎದ್ದು, ಜೊತೆಗೆ ಮಗು ಪದೇ ಪದೇ ವಾಂತಿ ಮಾಡಿಕೊಂಡರೆ, ಕೆಮ್ಮು-ಉಬ್ಬಸ ಹತ್ತಿದರೆ, ದನಿ ಒಡೆದರೆ, ನಾಲಿಗೆ-ತುಟಿ ಬಾತರೆ, ಮೈ ಬಿಳಿಚಿ ಕೈಕಾಲು ಸೋತರೆ ಅದು ಅನಾಫಿಲಾಕ್ಸಿಸ್, ಅಂದರೆ ಪ್ರಾಣಕ್ಕೇ ಕುತ್ತು ತರುವ ಅಲರ್ಜಿ. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಯಾವ ದವಾಖಾನೆ ಸಿಗುತ್ತದೋ ಅಲ್ಲಿಗೆ ಹೋಗಿ. ಮಗುವನ್ನು ಮಲಗಿಸಿ ಕಾಲು ಮೇಲೆತ್ತಿ ಇಡಿ. ಏದುಸಿರು ಬರುತ್ತಿದ್ದರೆ ಮಾತ್ರ ಒರಗಿಸಿ ಕೂರಿಸಿ. ಗಾಬರಿಯಲ್ಲಿ ಎತ್ತಿ ನಿಲ್ಲಿಸಿಕೊಂಡು ಓಡಾಡಬೇಡಿ, ರಕ್ತದೊತ್ತಡ ಇನ್ನಷ್ಟು ಕುಸಿಯುತ್ತದೆ.

ಆಗ ದವಾಖಾನೆಯವರು ಮೊದಲು ಕೊಡಬೇಕಾದ ಔಷಧ ಒಂದೇ: ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್. ಪ್ರತಿ ಕೆಜಿಗೆ 0.01 ಮಿಗ್ರಾಂ. ಒಂದು ಮಿಲಿಗೆ ಒಂದು ಮಿಗ್ರಾಂ ಇರುವ ಮಾಮೂಲಿ ಆಂಪೂಲಿನಿಂದಾದರೆ 10 ಕೆಜಿ ಮಗುವಿಗೆ 0.1 ಮಿಲಿ. ಚಿಕ್ಕ ಮಕ್ಕಳಿಗೆ ಒಂದು ಸಲಕ್ಕೆ 0.3 ಮಿಲಿ ಮೀರುವುದಿಲ್ಲ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ನಮ್ಮ ಕಡೆ ಏನಾದರಾದರೆ ಏವಿಲ್ (ಅಲರ್ಜಿ ತಡೆ ಔಷಧ), ಡೆಕ್ಸಾ (ಸ್ಟಿರಾಯ್ಡ್) ಎರಡೂ ಚುಚ್ಚಿ ಕಾಯುವ ರೂಢಿ ಇನ್ನೂ ಇದೆ. ಅವು ತುರಿಕೆಗೆ ಸರಿ, ಕುಸಿಯುತ್ತಿರುವ ಪ್ರಾಣಕ್ಕೆ ಅಲ್ಲ. ಚೇತರಿಸಿಕೊಂಡ ಮಗುವನ್ನೂ ನಾಲ್ಕಾರು ಗಂಟೆ ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕು. ಒಮ್ಮೆ ಇಳಿದದ್ದು ಮತ್ತೆ ಏರುವುದುಂಟು.

ಕೂಡಲೇ ತೋರಿಸಬೇಕಾದ ಇನ್ನೊಂದು ಗುಂಪಿದೆ. ಅದು ದಿನಗಳ ನಂತರ ಬರುವಂಥದ್ದು. ಚರ್ಮ ಸುಟ್ಟಂತೆ ಉರಿದು ಬೊಕ್ಕೆ ಏಳುವುದು, ಸುಲಿಯುವುದು, ಬಾಯಿ-ಕಣ್ಣು-ಮೂತ್ರದ ಜಾಗದಲ್ಲಿ ಹುಣ್ಣಾಗುವುದು, ಅಥವಾ ಜ್ವರದೊಂದಿಗೆ ಮುಖ ಊದಿ, ಕುತ್ತಿಗೆಯ ಗಂಟು ದಪ್ಪಗಾಗಿ, ಮೈಯೆಲ್ಲ ಕೆಂಪೇರುವುದು. ಆ ಔಷಧವನ್ನು ಅಲ್ಲಿಗೇ ನಿಲ್ಲಿಸಿ. ಈ ಮಕ್ಕಳಿಗೆ ಮತ್ತೆ ಅದೇ ಔಷಧ ಕೊಟ್ಟು ಪರೀಕ್ಷೆ ಮಾಡುವ ಮಾತು ಮುಂದೆಂದೂ ಬರಬಾರದು.

ಹೆಜ್ಜೆ 1: ಅವತ್ತೇ ಸಾಕ್ಷಿ ಕೂಡಿಡಿ

ಎರಡು ತಿಂಗಳ ನಂತರ ನನ್ನೆದುರು ಕುಳಿತು ‘ಮೈಯೆಲ್ಲಾ ಎದ್ದಿತ್ರೀ’ ಅಂದರೆ ನನಗೆ ಏನೂ ತಿಳಿಯುವುದಿಲ್ಲ. ಎದ್ದದ್ದು ಏನು? ಗಂಧೆಯೋ, ಗೊಬ್ಬರದಂಥ (ದಡಾರದಂಥ) ಸಣ್ಣ ಕೆಂಪು ಚುಕ್ಕೆಯೋ, ನೀರುಗುಳ್ಳೆಯೋ? ಆದ್ದರಿಂದ ಮೊಬೈಲ್ ತೆಗೆಯಿರಿ. ಮಗುವನ್ನು ಬಾಗಿಲ ಬಳಿ ಹಗಲ ಬೆಳಕಿಗೆ ತಂದು ಒಂದು ದೂರದ ಫೋಟೋ, ಒಂದು ಹತ್ತಿರದ ಫೋಟೋ ಹೊಡೆಯಿರಿ. ಅಂಗೈ, ಅಂಗಾಲು, ಬಾಯಿಯ ಒಳಗೂ ಬೇಕು. ಕ್ಯಾಲಮೈನ್, ಅರಿಶಿನ, ಕೊಬ್ಬರಿ ಎಣ್ಣೆ ಏನೇ ಹಚ್ಚುವುದಿದ್ದರೂ ಫೋಟೋ ಆದ ಮೇಲೆ.

ಆಮೇಲೆ ಒಂದು ಬಾಲ್ ಪೆನ್ ತಗೊಂಡು ಯಾವುದಾದರೂ ಒಂದು ದದ್ದಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆಯಿರಿ. ಮರುದಿನ ಅದೇ ಹೊತ್ತಿಗೆ ನೋಡಿ. ಗೆರೆಯೊಳಗಿನದು ಗುರುತೂ ಉಳಿಸದೆ ಮಾಯವಾಗಿ ಬೇರೆ ಕಡೆ ಹೊಸದು ಎದ್ದಿದ್ದರೆ ಅದು ಗಂಧೆ. ಒಂದೊಂದು ಗಂಧೆ 24 ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರುವುದಿಲ್ಲ. ಗೆರೆಯೊಳಗೇ ಕುಳಿತಿದ್ದರೆ, ಕಪ್ಪಗಾಗುತ್ತಿದ್ದರೆ ಅದು ಬೇರೆ ಜಾತಿಯದು. ಒಂದು ಪೆನ್ನಿನ ಗೆರೆ ಹೇಳುವಷ್ಟನ್ನು ಎಷ್ಟೋ ಸಲ ಸಾವಿರಾರು ರೂಪಾಯಿಯ ರಕ್ತಪರೀಕ್ಷೆ ಹೇಳುವುದಿಲ್ಲ.

ಬಾಟಲಿ, ಪಟ್ಟಿ, ಚೀಟಿ ಎಸೆಯಬೇಡಿ. ಬ್ರ್ಯಾಂಡಿನ ಹೆಸರಷ್ಟೇ ಸಾಲದು, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಮೂಲ ಔಷಧದ ಹೆಸರು ಬೇಕು. ಊರ ದವಾಖಾನೆಗಳಲ್ಲಿ ಗುಳಿಗೆ ಪುಡಿ ಮಾಡಿ ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಾರಲ್ಲ, ಆಗ ‘ಇದರಾಗ ಏನೈತಿ, ಒಂದೀಟು ಬರದ್ ಕೊಡ್ರೀ’ ಎಂದು ಕೇಳಲು ಸಂಕೋಚ ಬೇಡ. ಆ ಚೀಲದಲ್ಲಿದ್ದ ಉಳಿದ ಔಷಧಗಳ ಪಟ್ಟಿಯೂ ಅಷ್ಟೇ ಮುಖ್ಯ. ಜ್ವರಕ್ಕೆಂದು ಕೊಟ್ಟ ಐಬುಪ್ರೊಫೇನ್, ಮೆಫೆನಾಮಿಕ್ ಆ್ಯಸಿಡ್ ಕೂಡ ಗಂಧೆ ಎಬ್ಬಿಸುತ್ತವೆ, ಬೈಗುಳ ಮಾತ್ರ ಆ್ಯಂಟಿಬಯಾಟಿಕ್‌ಗೆ. ಅವತ್ತು ಮೊದಲ ಸಲ ಶೇಂಗಾ ಉಂಡಿ, ತತ್ತಿ, ಮೀನು ತಿಂದಿತ್ತಾ ಎಂದೂ ಬರೆದಿಡಿ.

ಹೆಜ್ಜೆ 2: ಕಥೆಯನ್ನು ಗಡಿಯಾರ ಇಟ್ಟುಕೊಂಡು ಹೇಳಿ

ವೈದ್ಯರ ಬಳಿ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಔಷಧ ಶುರುವಾಗಿ ಎಷ್ಟನೇ ದಿನ, ಎಷ್ಟನೇ ಡೋಸ್, ಕೊನೆಯ ಡೋಸ್ ಕುಡಿಸಿ ಎಷ್ಟು ಹೊತ್ತಿಗೆ ದದ್ದು ಕಂಡಿತು, ಎಷ್ಟು ದಿನ ಇತ್ತು, ಏನು ಕೊಟ್ಟ ಮೇಲೆ ಹೋಯಿತು, ಔಷಧ ನಿಲ್ಲಿಸದೆಯೂ ತಾನಾಗಿ ಹೋಯಿತೇ. ಮೊದಲ ಡೋಸಿನ ಒಂದು ಗಂಟೆಯೊಳಗೆ ಬಂದ ಗಂಧೆಗೂ ಐದನೇ ದಿನ ಬಂದ ಕೆಂಪು ಚುಕ್ಕೆಗೂ ಹೆಸರು ಒಂದೇ ಇದ್ದೀತು, ದಾರಿ ಬೇರೆ.

ಒಂದು ಪ್ರಶ್ನೆಯನ್ನು ವೈದ್ಯರೂ ಮರೆಯುತ್ತಾರೆ, ಮನೆಯವರೂ ಮರೆಯುತ್ತಾರೆ: ಆ ಘಟನೆಯ ನಂತರ ಅದೇ ಔಷಧ ಬೇರೆ ಹೆಸರಿನಲ್ಲಿ ಹೊಟ್ಟೆಗೆ ಹೋಗಿದೆಯೇ? ಅಮಾಕ್ಸಿಸಿಲಿನ್ ಒಂದಕ್ಕೇ ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಎಷ್ಟೋ ಹೆಸರು. ಹಳೆಯ ಚೀಟಿಗಳ ಕಟ್ಟು ಬಿಚ್ಚಿ ನೋಡಿದರೆ, ‘ಅಲರ್ಜಿ’ ಎಂದು ಬರೆಸಿಕೊಂಡ ಆರು ತಿಂಗಳಿಗೇ ಕೆಮ್ಮಿಗೆಂದು ಐದು ದಿನ ಪೂರ್ತಿ ಅದನ್ನೇ ಕುಡಿದು ಅರಗಿಸಿಕೊಂಡ ಮಕ್ಕಳು ಸಿಗುತ್ತಾರೆ. ಅಂಥ ಕಡೆ ಪರೀಕ್ಷೆ ಆಗಲೇ ಮುಗಿದಿದೆ, ಮಗು ಪಾಸಾಗಿದೆ. ಆ ಚೀಟಿಯನ್ನು ವೈದ್ಯರಿಗೆ ತೋರಿಸಿ ಫೈಲ್ ತಿದ್ದಿಸಿಕೊಳ್ಳುವುದಷ್ಟೇ ಬಾಕಿ.

ಅಪ್ಪನಿಗೋ ಅಜ್ಜಿಗೋ ಪೆನಿಸಿಲಿನ್ ಆಗುತ್ತಿರಲಿಲ್ಲ ಎಂಬುದು ಮಗುವಿನ ವಿಷಯದಲ್ಲಿ ಲೆಕ್ಕಕ್ಕಿಲ್ಲ.

ಹೆಜ್ಜೆ 3: ಕಥೆಯನ್ನು ಸರಿಯಾದ ಗುಂಪಿಗೆ ಹಾಕುವುದು

ಇದು ವೈದ್ಯರ ಕೆಲಸ. ಹೇಗೆ ಯೋಚಿಸುತ್ತಾರೆಂದು ತಿಳಿದಿದ್ದರೆ ನೀವೂ ಕೂತು ಮಾತಾಡಬಹುದು.

ಬರೀ ಭೇದಿ, ಬರೀ ಒಮ್ಮೆ ವಾಂತಿ, ಹೊಟ್ಟೆನೋವು, ಬಾಯಲ್ಲಿ ಬಿಳಿ ಅಗ್ರ: ಇವು ಅಡ್ಡಪರಿಣಾಮ. ಅಲರ್ಜಿ ಪಟ್ಟಿಯಿಂದ ಇವನ್ನು ಹೊಡೆದುಹಾಕಲು ಪರೀಕ್ಷೆ ಬೇಡ, ಪೆನ್ನು ಸಾಕು.

ಎರಡನೆಯದೇ ಅತಿ ದೊಡ್ಡ ಗುಂಪು. ಮಗುವಿಗೆ ಜ್ವರ ಬಂತು, ಆ್ಯಂಟಿಬಯಾಟಿಕ್ ಶುರುವಾಯಿತು, ಮೂರನೆಯದೋ ಐದನೆಯದೋ ದಿನ ಮೈಮೇಲೆ ಚುಕ್ಕೆ. ದೋಷಿ ಯಾರು? ಬಹಳ ಸಲ ವೈರಸ್. ಒಂದು-ಒಂದೂವರೆ ವರ್ಷದ ಮಕ್ಕಳಲ್ಲಿ ರೋಸಿಯೋಲಾ ಎಂಬ ವೈರಸ್ ಜ್ವರ ಬರುತ್ತದೆ. ಮೂರು-ನಾಲ್ಕು ದಿನ ಜೋರಾಗಿ ಕಾದು, ಜ್ವರ ಇಳಿದ ಹೊತ್ತಿಗೇ ಮೈ ತುಂಬ ಗುಲಾಬಿ ಚುಕ್ಕೆ ಮೂಡುತ್ತವೆ. ಎರಡನೇ ದಿನ ತಡೆಯಲಾರದೆ ಯಾರೋ ಅಮಾಕ್ಸಿಸಿಲಿನ್ ಬರೆದಿರುತ್ತಾರೆ. ಜ್ವರ ಇಳಿದ ಕೀರ್ತಿ ಔಷಧಕ್ಕೆ, ಚುಕ್ಕೆಯ ಅಪಕೀರ್ತಿಯೂ ಅದಕ್ಕೇ. ಎರಡೂ ಅದರದ್ದಲ್ಲ. ಎಪ್‌ಸ್ಟೀನ್-ಬಾರ್ ವೈರಸ್ಸಿನಿಂದ ಗಂಟಲು ಬಾತ ಮಕ್ಕಳಿಗೆ ಅಮಾಕ್ಸಿಸಿಲಿನ್ ಅಥವಾ ಆಂಪಿಸಿಲಿನ್ ಕೊಟ್ಟಾಗ ಮೈಯೆಲ್ಲ ಕೆಂಪು ದದ್ದು ಏಳುವುದು ಹಳೆಯ ಕಥೆ. ಸೋಂಕು ಹೋದ ಮೇಲೆ ಅದೇ ಔಷಧವನ್ನು ಬಹುತೇಕ ಮಕ್ಕಳು ತಾಳಿಕೊಳ್ಳುತ್ತಾರೆ.

ಮೂರನೆಯದು ನಿಜವಾದ, ಕೂಡಲೇ ಬರುವ ಅಲರ್ಜಿ. ಒಂದು ಗಂಟೆಯೊಳಗೆ, ಕೆಲವೊಮ್ಮೆ ಆರು ಗಂಟೆಯೊಳಗೆ, ಗಂಧೆ, ಊತ, ಉಬ್ಬಸ. ಐಜಿಇ ಎಂಬ ಪ್ರತಿಕಾಯದ ಕೆಲಸ ಇದು.

ನಾಲ್ಕನೆಯದರಲ್ಲಿ ಬಿಡಿಬಿಡಿ ಜಾತಿಗಳಿವೆ. ಔಷಧ ಶುರುವಾಗಿ ಏಳರಿಂದ ಹತ್ತು ದಿನಕ್ಕೆ ಜ್ವರ, ಗಂಧೆ, ಕೀಲುಗಳು ಬಾತು ಮಗು ಕುಂಟುವುದು ಒಂದು. ಸೆಫಾಕ್ಲೋರ್, ಅಮಾಕ್ಸಿಸಿಲಿನ್‌ಗೆ ಹೀಗಾಗುವುದುಂಟು. ಇನ್ನೊಂದು ನಮ್ಮ ಕಡೆ ಚೆನ್ನಾಗಿ ಪರಿಚಯವಿರುವ ಕಪ್ಪು ಮಚ್ಚೆ. ಪ್ರತಿ ಸಲ ಔಷಧ ಕುಡಿದಾಗಲೂ ಅದೇ ತುಟಿಯ ಅಂಚಿಗೆ, ಅದೇ ಕೈಬೆರಳಿಗೆ ನಾಣ್ಯದಂತೆ ದುಂಡಗೆ ಮೂಡಿ ಕಪ್ಪಾಗಿ ಉಳಿಯುತ್ತದೆ. ಭೇದಿಗೆ ಕೊಡುವ ಆಫ್ಲೊಕ್ಸಾಸಿನ್-ಆರ್ನಿಡಜೋಲ್ ಜೋಡಿ ಸಿರಪ್ಪಿನಲ್ಲಿ ಹೀಗಾದರೆ ಎರಡರಲ್ಲಿ ಕಳ್ಳ ಯಾರೆಂದು ಹಿಡಿಯುವುದೇ ತಲೆನೋವು. ಹೀಗಾಗಿಯೇ ಈ ಜೋಡಿ ಬಾಟಲಿಗಳನ್ನು ಕಂಡರೆ ನನಗೆ ಆಗಂಗಿಲ್ಲ!

ಹೆಜ್ಜೆ 4: ಯಾವ ಪರೀಕ್ಷೆ, ಯಾವುದು ಬೇಡ

ಬೇಡವಾದದ್ದು ಮೊದಲು. ಲ್ಯಾಬ್‌ಗಳಲ್ಲಿ ಸಿಗುವ ನೂರಾರು ಪದಾರ್ಥಗಳ ‘ಅಲರ್ಜಿ ಪ್ಯಾಕೇಜ್’ ಇದಕ್ಕೆ ಉತ್ತರ ಕೊಡುವುದಿಲ್ಲ. ‘ಟೋಟಲ್ ಐಜಿಇ’ ಹೊಟ್ಟೆಯಲ್ಲಿ ಜಂತು ಇದ್ದರೂ ಏರುತ್ತದೆ, ಅಸ್ತಮಾ ಇದ್ದರೂ ಏರುತ್ತದೆ. ಅಮಾಕ್ಸಿಸಿಲಿನ್‌ಗೆಂದೇ ಇರುವ ಐಜಿಇ ಪರೀಕ್ಷೆ ಇದೆ, ಆದರೆ ಅದು ಇಲ್ಲ ಎಂದರೂ ನಂಬುವಂತಿಲ್ಲ.

ಇನ್ನು ನಮ್ಮ ‘ಟೆಸ್ಟ್ ಡೋಸ್’. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಹಾಕುವ ಮುನ್ನ ಮುಂಗೈಗೆ ಒಂದಿಷ್ಟು ಚುಚ್ಚಿ, ಪೆನ್ನಿನಿಂದ ದುಂಡಗೆ ಗೆರೆ ಎಳೆದು, ಹದಿನೈದು ನಿಮಿಷ ಬಿಟ್ಟು ನೋಡುವ ಪದ್ಧತಿ. ಹಿಂದೆಂದೂ ತೊಂದರೆಯಾಗದ ಮಗುವಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಔಷಧವನ್ನು ಗಟ್ಟಿಯಾಗಿ ಕಲಸಿದ್ದರೆ ಅಲರ್ಜಿ ಇಲ್ಲದ ಚರ್ಮವೂ ಕೆಂಪಾಗುತ್ತದೆ. ಪಕ್ಕದಲ್ಲಿ ಬರೀ ಸಲೈನ್ ಚುಚ್ಚಿ ಹೋಲಿಸಿ ನೋಡುವುದೂ ಅಪರೂಪ. ಆ ಕೆಂಪು ವೃತ್ತದಿಂದ ಎಷ್ಟು ಮಕ್ಕಳ ಫೈಲಿಗೆ ‘ಅಲರ್ಜಿ’ ಅಂಟಿಕೊಂಡಿದೆಯೋ! ಏನೂ ಕಾಣಲಿಲ್ಲವೆಂದು ನಿಶ್ಚಿಂತೆಯಿಂದ ಅಡ್ರಿನಲಿನ್ ಇಲ್ಲದ ಕೋಣೆಯಲ್ಲಿ ಪೂರ್ತಿ ಡೋಸ್ ಹಾಕುವುದು ಇನ್ನೂ ಅಪಾಯ.

ಸರಿಯಾದ ಚರ್ಮ ಪರೀಕ್ಷೆ ಬೇರೆಯೇ. ಔಷಧವನ್ನು ನಿಗದಿತ ಪ್ರಮಾಣಕ್ಕೆ ತೆಳುಮಾಡಿ ಮೊದಲು ಸೂಜಿ ಮೊನೆಯಲ್ಲಿ ಚುಚ್ಚಿ, ಏನೂ ಆಗದಿದ್ದರೆ ಮಾತ್ರ ಚರ್ಮದೊಳಕ್ಕೆ ಹಾಕುತ್ತಾರೆ. ಹೋಲಿಕೆಗೆ ಏನೂ ಮಾಡದ ಸಲೈನ್ ಒಂದು ಕಡೆ, ಗಂಧೆ ಎಬ್ಬಿಸುವ ಹಿಸ್ಟಮಿನ್ ಇನ್ನೊಂದು ಕಡೆ. ಇದು ಮೂರನೇ ಗುಂಪಿನವರಿಗೆ, ಅಂದರೆ ಕೂಡಲೇ ಪ್ರತಿಕ್ರಿಯೆ ಬಂದವರಿಗೆ ಬೇಕು. ಘಟನೆಯಾಗಿ ನಾಲ್ಕರಿಂದ ಆರು ವಾರ ಕಳೆದಿರಬೇಕು. ಐದರಿಂದ ಏಳು ದಿನ ಮೊದಲೇ ಸೆಟ್ರಿಜಿನ್‌ನಂಥ ಅಲರ್ಜಿ ತಡೆ ಔಷಧ ನಿಂತಿರಬೇಕು. ನೆಗಡಿ ಸಿರಪ್ಪಿನಲ್ಲೂ ಕ್ಲೋರ್‌ಫೆನಿರಮಿನ್ ಇರುತ್ತದೆ, ಅದೂ ಸೇರಿ.

ಸೌಮ್ಯವಾಗಿ, ತಡವಾಗಿ ಬರೀ ಚರ್ಮದ ಮೇಲೆ ದದ್ದು ಬಂದಿದ್ದ ಮಕ್ಕಳಿಗೆ ಈಗ ಚರ್ಮ ಪರೀಕ್ಷೆಯನ್ನೂ ಬಿಟ್ಟು ನೇರವಾಗಿ ಕುಡಿಸಿ ನೋಡುತ್ತಾರೆ. ಅಂತಿಮ ಮಾತು ಹೇಳುವುದೂ ಇದೇ. ಒಂದು ಬೆಳಗಿನ ಕೆಲಸ. ಮಗುವಿಗೆ ಜ್ವರ, ನೆಗಡಿ, ಉಬ್ಬಸ ಇರಬಾರದು. ತೂಕ, ನಾಡಿ, ರಕ್ತದೊತ್ತಡ, ಆಮ್ಲಜನಕ ನೋಡಿ, ಅಂಗಿ ಬಿಚ್ಚಿ ಮೈಮೇಲೆ ಈಗಾಗಲೇ ಇರುವ ಸೊಳ್ಳೆ ಕಡಿತವನ್ನೂ ಗುರುತು ಹಾಕಿಕೊಳ್ಳುತ್ತೇವೆ. ಇಲ್ಲದಿದ್ದರೆ ಅರ್ಧ ಗಂಟೆಗೆ ಅಜ್ಜಿ ಅದನ್ನೇ ತೋರಿಸಿ ‘ನೋಡ್ರೀ, ಎದ್ದೇಬಿಟ್ತು’ ಅನ್ನುತ್ತಾರೆ. ಅಡ್ರಿನಲಿನ್ ಅಷ್ಟೊತ್ತಿಗೆ ಪಕ್ಕದ ಟ್ರೇನಲ್ಲಿ, ಮಗುವಿನ ತೂಕಕ್ಕೆ ಎಷ್ಟೆಂದು ಲೆಕ್ಕ ಬರೆದು ಸಿದ್ಧ. ಮಗುವಿನ ಪೂರ್ತಿ ಡೋಸ್ 5 ಮಿಲಿ ಸಿರಪ್ ಎಂದುಕೊಳ್ಳಿ. ಮೊದಲು ಅದರ ಹತ್ತನೇ ಒಂದು ಭಾಗ, ಅರ್ಧ ಮಿಲಿ. ಇಪ್ಪತ್ತು-ಮೂವತ್ತು ನಿಮಿಷ ಏನೂ ಆಗದಿದ್ದರೆ ಉಳಿದ ನಾಲ್ಕೂವರೆ ಮಿಲಿ. ಆಮೇಲೆ ಕನಿಷ್ಠ ಒಂದು ಗಂಟೆ ಅಲ್ಲೇ ಇರಬೇಕು. ನಾನು ಎರಡು ಗಂಟೆ ಬಿಡುವುದಿಲ್ಲ. ಮನೆಗೆ ಹೋದ ಮೇಲೂ ಎರಡು-ಮೂರು ದಿನ ಮೈ ನೋಡುತ್ತಿರಬೇಕು. ತಡವಾಗಿ ಬರುವ ದದ್ದನ್ನು ಹಿಡಿಯಲು ಕೆಲವರು ಮೂರರಿಂದ ಐದು ದಿನ ಔಷಧ ಮುಂದುವರಿಸುತ್ತಾರೆ, ಈ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ.

ಬೊಕ್ಕೆ ಎದ್ದು ಚರ್ಮ ಸುಲಿದಿದ್ದ, ಒಳ ಅಂಗಗಳಿಗೆ ಪೆಟ್ಟಾಗಿದ್ದ, ಅಥವಾ ಕೀಲು ಬಾತು ಜ್ವರ ಬಂದಿದ್ದ ಮಕ್ಕಳು ಈ ಸಾಲಿನಲ್ಲಿ ಇಲ್ಲ. ಹಿಡಿತಕ್ಕೆ ಬಾರದ ಅಸ್ತಮಾ ಇದ್ದವರಿಗೂ ಸದ್ಯಕ್ಕೆ ಬೇಡ.

ಎಲ್ಲಿಗೆ ಹೋಗುವುದು? ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಇವೆ. ಸಿಂದಗಿಯಿಂದಲೋ ಅಥಣಿಯಿಂದಲೋ ಬಸ್ಸು ಹತ್ತುವ ಮುನ್ನ ಮಕ್ಕಳ ವಿಭಾಗಕ್ಕೆ ಫೋನ್ ಮಾಡಿ ಕೇಳಿ: ಔಷಧ ಕುಡಿಸಿ ನೋಡುವ ಪರೀಕ್ಷೆ ಮಾಡುತ್ತೀರಾ, ಯಾವ ದಿನ, ಏನೇನು ತರಬೇಕು. ದಿನಗೂಲಿ ಬಿಟ್ಟು ಬರುವವರಿಗೆ ಎರಡನೇ ಸಲ ಬನ್ನಿ ಎನ್ನುವುದು ಅನ್ಯಾಯ.

ಹೆಜ್ಜೆ 5: ಫಲಿತಾಂಶ ಬಂದ ಮೇಲೆ

ಅಲರ್ಜಿ ಇಲ್ಲವೆಂದಾದರೆ ಬಾಯಿಮಾತು ಸಾಲದು. ಫೈಲಿನ ಕೆಂಪು ಸಾಲನ್ನು ಹೊಡೆದು, ದಿನಾಂಕ, ಸಹಿ, ‘ಕುಡಿಸಿ ನೋಡಿದೆ, ತಾಳಿಕೊಂಡಿದೆ’ ಎಂದು ಬರೆಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ದವಾಖಾನೆಯಲ್ಲಿ ಹಳೆಯ ಅಲರ್ಜಿ ಮತ್ತೆ ಎದ್ದು ಕೂರುತ್ತದೆ. ಊರಿನ ಆಶಾ ಕಾರ್ಯಕರ್ತೆಗೂ ಹೇಳಿ.

ಇದೆ ಎಂದಾದರೆ ಒಂದು ಗಟ್ಟಿ ಕಾರ್ಡಿನಲ್ಲಿ ಮೂಲ ಔಷಧದ ಹೆಸರು, ಏನಾಯಿತು, ಎಷ್ಟು ಹೊತ್ತಿಗೆ, ಯಾವ ವರ್ಷ ಎಂದು ಬರೆಸಿ ಶಾಲಾ ಚೀಲದಲ್ಲೂ ಒಂದು ಇಡಿ. ಪೆನಿಸಿಲಿನ್ ಆಗದವರಿಗೆ ಸೆಫಲೋಸ್ಪೊರಿನ್ (‘ಸೆಫ್’ ಎಂದು ಶುರುವಾಗುವ ಆ್ಯಂಟಿಬಯಾಟಿಕ್‌ಗಳು) ಯಾವುದೂ ಬೇಡ ಎಂಬ ಹಳೆಯ ಹೆದರಿಕೆ ಪೂರ್ತಿ ನಿಜವಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವ ಸಾಧ್ಯತೆ ಹಿಂದೆ ಹೇಳುತ್ತಿದ್ದ ಶೇ. 10 ಅಲ್ಲ, ಸುಮಾರು ಶೇ. 2. ಅದು ಎರಡೂ ಔಷಧಗಳ ಅಣುವಿನ ಪಕ್ಕದ ಸರಪಳಿ (ಅಣುವಿಗೆ ಅಂಟಿಕೊಂಡ ಬಾಲದಂಥ ಭಾಗ) ಒಂದೇ ಇದೆಯೇ ಎಂಬುದರ ಮೇಲಿದೆ. ಅಮಾಕ್ಸಿಸಿಲಿನ್ ಆಗದ ಮಗುವಿಗೆ ಸೆಫಡ್ರಾಕ್ಸಿಲ್, ಸೆಫಲೆಕ್ಸಿನ್, ಸೆಫಾಕ್ಲೋರ್ ವಿಷಯದಲ್ಲಿ ಎಚ್ಚರ ಬೇಕು. ಸೆಫ್ಟ್ರಿಯಾಕ್ಸೋನ್‌ನ ಸರಪಳಿ ಬೇರೆ. ಆಯ್ಕೆ ವೈದ್ಯರದು. ಅಲರ್ಜಿ ಜೀವಮಾನವಿಡೀ ಇರುತ್ತದೆಂದೂ ಇಲ್ಲ. ಪೆನಿಸಿಲಿನ್‌ಗೆ ಕೂಡಲೇ ಪ್ರತಿಕ್ರಿಯೆ ತೋರಿದವರಲ್ಲಿ ಹತ್ತು ವರ್ಷದಲ್ಲಿ ಸುಮಾರು ಶೇ. 80 ಮಂದಿಗೆ ಅದು ಹೊರಟುಹೋಗುತ್ತದೆ. ಕೆಲವು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಕೇಳಿ.

ಔಷಧದಿಂದ ಆದ ತೊಂದರೆಯನ್ನು ಯಾರು ಬೇಕಾದರೂ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ದಾಖಲಿಸಬಹುದು. ಅದು ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮದ ಸಹಾಯವಾಣಿ.

ಪೆನಿಸಿಲಿನ್ ಇಂಜೆಕ್ಷನ್ ಬಗ್ಗೆ ಒಂದು ಮಾತು ಉಳಿದಿದೆ. ಕವಾಟ ತೀರಾ ಕೆಟ್ಟು ಹೃದಯ ದಣಿದಿರುವ ಮಕ್ಕಳಲ್ಲಿ ಇಂಜೆಕ್ಷನ್ ಆದ ಕೂಡಲೇ ಸಾವು ಸಂಭವಿಸಿದರೆ ಎಲ್ಲವನ್ನೂ ಅಲರ್ಜಿ ಎನ್ನುತ್ತಿದ್ದರು. ನೋವು-ಭಯಕ್ಕೆ ನಾಡಿ, ರಕ್ತದೊತ್ತಡ ಒಮ್ಮೆಲೇ ಕುಸಿದು ದುರ್ಬಲ ಹೃದಯ ತಾಳದೆ ಹೋಗುವುದೂ ಇದಕ್ಕೆ ಕಾರಣವಿರಬಹುದೆಂದು ಈಗ ಗೊತ್ತಾಗಿದೆ. ಅಂಥ ಮಕ್ಕಳಿಗೆ ಗುಳಿಗೆಯೇ ಲೇಸು ಎಂದು 2022ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಲಹೆ ಕೊಟ್ಟಿತು. ಉಳಿದವರಿಗೂ ಖಾಲಿ ಹೊಟ್ಟೆಯಲ್ಲಿ ಬೇಡ, ನೀರು ಕುಡಿಸಿ, ಮಲಗಿಸಿ ಹಾಕುವುದು ಒಳ್ಳೆಯದು.

ಇಳಕಲ್ಲಿನ ಹುಡುಗನಿಗೆ ಭೇದಿ ಬಿಟ್ಟು ಕಥೆಯೇ ಇರಲಿಲ್ಲ. ಆದರೂ ಮುಂದೆ ವರ್ಷಗಟ್ಟಲೆ ಇಂಜೆಕ್ಷನ್ ಬೀಳುವುದಿತ್ತು, ಮನೆಯವರ ಹೆದರಿಕೆಯೂ ಹೋಗಬೇಕಿತ್ತು. ಕುಡಿಸಿಯೇ ನೋಡಿದೆವು. ಏನೂ ಆಗಲಿಲ್ಲ. ಕೆಂಪು ಸಾಲು ಹೊಡೆದು ಸಹಿ ಹಾಕಿದೆ. ತಾಯಿ ಫೈಲನ್ನು ತಿರುಗಿಸಿ ನೋಡಿ, “ಅಲ್ರೀ ಡಾಕ್ಟ್ರ, ಹಿಂದಿನ ಹಾಳ್ಯಾಗೂ ಬರದೈತ್ರೀ” ಅಂದಳು. ಮೂರು ಕಡೆ ಇತ್ತು. ಮೂರನ್ನೂ ಹೊಡೆದೆ.